ಇಂಗ್ಲೆಂಡಿನಲ್ಲಿ 60 ದಾಟಿದವರಿಗೆ ಕಣ್ಣಿನ ಪರೀಕ್ಷೆ ಉಚಿತ ಅಲ್ವಾ? ಮತ್ತೆ ನಾನು ಹಾಕಿದ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಕ್ಲೈಮ್ ತಪ್ಪು ಹೇಗೆ?

ಇದು ನಿಮ್ಮ ಪ್ರಶ್ನೆ. ನೀವು ಇಂಗ್ಲೆಂಡಿನ ಒಂದು ಕನ್ನಡಕದ ಅಂಗಡಿಯ ರಿಸೆಪ್ಷನ್‌ಗೆ ಹೊಸದಾಗಿ ಸೇರಿದ್ದೀರಿ. 64 ವರ್ಷದವರೊಬ್ಬರು 14 ತಿಂಗಳಿಗೇ ಮತ್ತೆ ಕಣ್ಣು ತೋರಿಸಿಕೊಂಡರು. ಆ ಪರೀಕ್ಷೆಯ ಹಣ ಕೊಡಿ ಅಂತ ನೀವು ಎನ್‌ಎಚ್‌ಎಸ್‌ಗೆ ಕ್ಲೈಮ್ ಹಾಕಿದಿರಿ, ಮ್ಯಾನೇಜರ್ ತಪ್ಪು ಅಂದರು. ನಾನು ಇಂಗ್ಲೆಂಡಿನಲ್ಲೇ ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷೆ ಮಾಡುವ ಕೆಲಸ ನನ್ನದು. ಶುರುವಿನಲ್ಲಿ ನನಗೂ ಇದು ಅರ್ಥವಾಗಿರಲಿಲ್ಲ.

60 ದಾಟಿದವರಿಗೆ ಉಚಿತ ಅನ್ನುವುದು ನಿಜ. ಆದರೆ ಅದು ಯಾರಿಗೆ ಅನ್ನುವುದಕ್ಕೆ ಮಾತ್ರ ಉತ್ತರ. ಎಷ್ಟು ದಿನಕ್ಕೊಮ್ಮೆ ಅನ್ನುವುದಕ್ಕೆ ಬೇರೆ ನಿಯಮ ಇದೆ. ಆರೋಗ್ಯ ಇಲಾಖೆ ಮತ್ತು ಕಣ್ಣಿನ ವೃತ್ತಿಯ ಸಂಘಗಳ 2002ರ ಒಪ್ಪಂದದ ಪ್ರಕಾರ 16ರಿಂದ 69 ವರ್ಷದವರಿಗೆ ಸಾಮಾನ್ಯವಾಗಿ ಎರಡು ವರ್ಷದ ಅಂತರ ಇರಬೇಕು. 70 ದಾಟಿದವರಿಗೆ ಒಂದು ವರ್ಷ. ಸಕ್ಕರೆ ಕಾಯಿಲೆ ಇರುವವರಿಗೂ ಒಂದೇ ವರ್ಷ. ಮನೆಯವರಿಗೆ ಗ್ಲಾಕೋಮಾ (ಕಣ್ಣಿನ ನರ ಹಾಳು ಮಾಡುವ ಕಾಯಿಲೆ) ಇದ್ದು, ರೋಗಿಗೆ 40 ದಾಟಿದ್ದರೆ ಅವರಿಗೂ ಅಷ್ಟೇ. ಇವೆಲ್ಲ ಕನಿಷ್ಠ ಅಂತರಗಳು. ದಿನ ತುಂಬಿತು ಅಂತ ಎಲ್ಲರನ್ನೂ ಕರೆದು ಪರೀಕ್ಷೆ ಮಾಡಿ ಅಂತ ಅರ್ಥವಲ್ಲ.

ಹಾಗಾದರೆ ಅವಧಿಗೆ ಮೊದಲು ನೋಡಲೇಬಾರದಾ? ಖಂಡಿತ ನೋಡಬಹುದು. ತಲೆನೋವು, ಇದ್ದಕ್ಕಿದ್ದಂತೆ ಮಂಜು, ಡಾಕ್ಟರೇ ಕಳಿಸಿದ್ದು, ಹೀಗೆ ಸರಿಯಾದ ಕಾರಣ ಇರಬೇಕು. ಫಾರ್ಮಿನಲ್ಲಿ ಅದರ ಕೋಡ್ ಹಾಕಬೇಕು. ಅದೇ ಕಾರಣ ರೋಗಿಯ ರೆಕಾರ್ಡ್‌ನಲ್ಲೂ ಇರಬೇಕು. ನಾನು ಎಡವಿದ್ದು ಇಲ್ಲೇ.

ಹಣ ಬಂದು ಎಷ್ಟೋ ದಿನದ ಮೇಲೂ ಕ್ಲೈಮ್‌ಗಳನ್ನು ತಪಾಸಣೆ ಮಾಡುತ್ತಾರೆ. ನನ್ನ ಮೊದಲ ಕೆಲಸದಲ್ಲಿ ಹಾಗೇ ಕೆಲವು ರೆಕಾರ್ಡ್ ಕೇಳಿದರು. ಅದರಲ್ಲಿ ಒಬ್ಬ ಹೆಂಗಸಿನ ಫಾರ್ಮಿನಲ್ಲಿ ತೊಂದರೆ ಇದೆ ಅನ್ನುವ ಕೋಡ್ ಹಾಕಿದ್ದೆ. ರೆಕಾರ್ಡ್‌ನಲ್ಲಿ ಬರೀ ಪವರ್ ನಂಬರುಗಳಿದ್ದವು. ಆ ಹೆಂಗಸು ತಲೆ ಹಿಡಿದುಕೊಂಡು ಕೂತಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆದರೆ ಬರೆದಿರಲಿಲ್ಲ. ಹಣ ವಾಪಸ್ ಕೊಡಬೇಕಾಯಿತು. ಎನ್‌ಎಚ್‌ಎಸ್ ಜೊತೆಗಿನ ಕಾಂಟ್ರಾಕ್ಟ್ ಅಂಗಡಿಯವರದ್ದು, ಹಾಗಾಗಿ ನನ್ನ ತಪ್ಪಿಗೆ ಅವರು ಉತ್ತರ ಕೊಡಬೇಕಾಯಿತು. ಅದು ನನಗೆ ಇಂದಿಗೂ ಬೇಜಾರು. ಈಗ ರೋಗಿ ಹೇಳಿದ ಮಾತನ್ನು ಮೊದಲು ಬರೆದುಕೊಳ್ಳುತ್ತೇನೆ, ನಂಬರು ಆಮೇಲೆ.

ನಮ್ಮ ಕಡೆಯವರು ಬಂದಾಗ ಇನ್ನೊಂದು ವಿಷಯ ಗಮನಿಸಿ. ಗ್ಲಾಕೋಮಾ ಲೆಕ್ಕಕ್ಕೆ ಬರುವುದು ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳಿಗೆ ಇದ್ದರೆ ಮಾತ್ರ. ನಮ್ಮಲ್ಲಿ ದೊಡ್ಡಪ್ಪನ ಮಗನೂ ಅಣ್ಣನೇ. "ಅಣ್ಣನಿಗೆ ಇದೆ" ಅಂದರೆ "ಸ್ವಂತ ಅಣ್ಣನಾ?" ಅಂತ ಕೇಳಿಬಿಡಿ. ಯಾರೂ ತಪ್ಪು ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆಯವರು "ಕಣ್ಣಿನ ಫೋಟೋ ತೆಗೆದಾಯಿತು, ಇನ್ಯಾಕೆ?" ಅನ್ನುತ್ತಾರೆ. ಫೋಟೋ ತೆಗೆಯುವ ಆ ಸ್ಕ್ರೀನಿಂಗ್ ರೆಟಿನಾಕ್ಕೆ (ಕಣ್ಣಿನ ಹಿಂಭಾಗದ ಪದರಕ್ಕೆ) ಮಾತ್ರ. ಕಣ್ಣಿನ ಪರೀಕ್ಷೆ ಬೇರೆ, ಎರಡೂ ಬೇಕು. ಇದನ್ನು ದಯವಿಟ್ಟು ಬಿಡಿಸಿ ಹೇಳಿ, ದೃಷ್ಟಿಯ ಪ್ರಶ್ನೆ ಇದು.

ರೋಗಿಯ ಸಹಿ ರೋಗಿಯೇ ಹಾಕಬೇಕು. ಎಷ್ಟೇ ರಶ್ ಇದ್ದರೂ ನೀವು ಹಾಕಬೇಡಿ. ಎನ್‌ಎಚ್‌ಎಸ್ ಪರೀಕ್ಷೆಗೆ ಅಂತ ಅವರಿಂದ ಮೇಲೆ ದುಡ್ಡು ತಗೊಳ್ಳುವ ಹಾಗಿಲ್ಲ. ಸ್ಕ್ಯಾನ್‌ನಂಥ ಹೆಚ್ಚಿನ ಸೇವೆಗೆ ತಗೋಬಹುದು, ಆದರೆ ಅದು ಅವರ ಇಷ್ಟ ಅಂತ ಮೊದಲೇ ಹೇಳಬೇಕು. ಇದೆಲ್ಲ ಇಂಗ್ಲೆಂಡಿನ ಮಾತು. ಸ್ಕಾಟ್‌ಲ್ಯಾಂಡ್‌ನಲ್ಲಿ 2006ರಿಂದ ಎಲ್ಲರಿಗೂ ಎನ್‌ಎಚ್‌ಎಸ್ ಕಣ್ಣಿನ ಪರೀಕ್ಷೆ ಉಚಿತ, ಅಲ್ಲಿನ ನಿಯಮ ಬೇರೆ.

ನಿಮ್ಮ ಆ 64ರ ಹಿರಿಯರ ರೆಕಾರ್ಡ್ ನಾಳೆಯೇ ತೆಗೆದು ನೋಡಿ. ಸಕ್ಕರೆ ಕಾಯಿಲೆ ಅಥವಾ ಮನೆಯಲ್ಲಿ ಗ್ಲಾಕೋಮಾ ಇದ್ದರೆ 14 ತಿಂಗಳು ಸರಿಯೇ ಇದೆ. ಇಲ್ಲದಿದ್ದರೆ, ಅವರು ಯಾವ ತೊಂದರೆಗೆ ಬಂದಿದ್ದರು ಅಂತ ಅಂದೇ ಬರೆದಿದೆಯಾ ನೋಡಿ. ಬರೆದಿದ್ದರೆ ಬಹುಶಃ ಕೋಡ್ ಮಾತ್ರ ತಪ್ಪಿರುತ್ತದೆ, ಮ್ಯಾನೇಜರ್‌ಗೆ ತೋರಿಸಿ. ಏನೂ ಇಲ್ಲದಿದ್ದರೆ ಕಾರಣ ಹುಡುಕಿ ಸೇರಿಸಲು ಹೋಗಬೇಡಿ. ಕ್ಲೈಮ್ ವಾಪಸ್ ತಗೊಳ್ಳೋಣ ಅಂತ ನೀವೇ ಹೇಳಿ.