ಎಪಿ ಅಮೆರಿಕನ್ ಇತಿಹಾಸಕ್ಕೆ ಟ್ಯೂಷನ್ ಹಾಕಬೇಕಾ? – ಸಂಪಾದಕರ ಉತ್ತರ

ಟೆಕ್ಸಾಸ್‌ನಲ್ಲಿರುವ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಮಗಳು ಹನ್ನೊಂದನೇ ಗ್ರೇಡ್. ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಯುಎಸ್ ಹಿಸ್ಟರಿ ತೆಗೆದುಕೊಂಡಿದ್ದಾಳೆ. ಪಾಠ ಎಲ್ಲ ಓದಿದ್ದಳು, ಇಸವಿಗಳೂ ಬಾಯಿಪಾಠ. ಆದರೂ ಡಿಬಿಕ್ಯೂ (ಕೊಟ್ಟ ದಾಖಲೆಗಳನ್ನು ಓದಿ ಬರೆಯುವ) ಪ್ರಬಂಧಕ್ಕೆ ಏಳಕ್ಕೆ ಎರಡು ಬಂತು. ಗಣಿತ, ಫಿಸಿಕ್ಸ್ ಆದರೆ ನಾವಿಬ್ಬರೂ ಹೇಳಿಕೊಡುತ್ತೇವೆ. ಈ ವಿಷಯ ನಮಗೇ ಗೊತ್ತಿಲ್ಲ. ನಾವು ಶಿವಮೊಗ್ಗದಲ್ಲಿ ಓದಿದ್ದು ಕದಂಬರು, ಅಶೋಕ, ಅಕ್ಬರ್. ಇಲ್ಲಿ ಟ್ಯೂಟರ್ ಒಬ್ಬರು ಗಂಟೆಗೆ ನೂರು ಡಾಲರ್ ಕೇಳುತ್ತಾರೆ. ಯಜಮಾನರು ಆ ಕ್ಲಾಸೇ ಬಿಡಿಸೋಣ ಅನ್ನುತ್ತಾರೆ. ಏನು ಮಾಡಲಿ?"

ಪತ್ರಿಕೆಗೆ ಬರುವ ಮೊದಲು ನಾನು ಇತಿಹಾಸ ಪಾಠ ಮಾಡುತ್ತಿದ್ದವನು. ಹಾಗಾಗಿ ಈ ಪತ್ರಕ್ಕೆ ಎರಡು ಸಾಲಿನ ಉತ್ತರ ಬರೆದು ಮುಗಿಸಲು ಮನಸ್ಸು ಬರಲಿಲ್ಲ.

ಮೊದಲು ನೇರ ಉತ್ತರ. ಸಹಾಯ ಕೊಡಿಸಿ. ಆದರೆ ಪಾಠ ಮತ್ತೊಂದು ಸಲ ಹೇಳಿಕೊಡುವವರು ನಿಮಗೆ ಬೇಕಾಗಿಲ್ಲ. ಪಾಠ ಅವಳಿಗೆ ಬರುತ್ತದೆ. ಅವಳು ಬರೆದದ್ದನ್ನು ಸಾಲು ಸಾಲಾಗಿ ಓದಿ, "ಇಲ್ಲಿ ಅಂಕ ಬಂತು, ಇಲ್ಲಿ ಬರಲಿಲ್ಲ, ಯಾಕೆ ಅಂದರೆ ಹೀಗೆ" ಎಂದು ತೋರಿಸುವವರು ಬೇಕು. ಈ ಎರಡು ಕೆಲಸ ಬೇರೆ ಬೇರೆ. ಬಹಳ ಟ್ಯೂಟರ್‌ಗಳು ಮೊದಲನೆಯದನ್ನೇ ಮಾಡುತ್ತಾರೆ, ಏಕೆಂದರೆ ಅದು ಸುಲಭ.

ಪರೀಕ್ಷೆ ಹೇಗಿದೆ ನೋಡಿ. ಒಟ್ಟು 3 ಗಂಟೆ 15 ನಿಮಿಷ. 55 ಬಹು ಆಯ್ಕೆಯ ಪ್ರಶ್ನೆಗಳಿಗೆ 55 ನಿಮಿಷ, ಅದಕ್ಕೆ ಶೇಕಡಾ 40. ಮೂರು ಕಿರು ಉತ್ತರಗಳಿಗೆ 40 ನಿಮಿಷ, ಶೇಕಡಾ 20. ಆಮೇಲೆ ಡಿಬಿಕ್ಯೂ, ಅಂದರೆ ಏಳು ದಾಖಲೆಗಳನ್ನು ಕೊಟ್ಟು ಅವುಗಳ ಮೇಲೆ ವಾದ ಕಟ್ಟಿ ಎನ್ನುವ ಪ್ರಬಂಧ. ಅದಕ್ಕೆ ಒಂದು ಗಂಟೆ, ಶೇಕಡಾ 25. ಕೊನೆಗೆ ಮೂರರಲ್ಲಿ ಒಂದನ್ನು ಆರಿಸಿಕೊಂಡು ಬರೆಯುವ ದೀರ್ಘ ಪ್ರಬಂಧ, 40 ನಿಮಿಷ, ಶೇಕಡಾ 15. ಬರವಣಿಗೆಯ ಮೂರೂ ಭಾಗ ಸೇರಿಸಿ, ಶೇಕಡಾ 60 ಆಗುತ್ತದೆ. ಬಹು ಆಯ್ಕೆಯ ಪ್ರಶ್ನೆಗಳಲ್ಲೂ ಸುಮ್ನೆ ಇಸವಿ ಕೇಳುವುದಿಲ್ಲ, ಒಂದು ಉದ್ಧರಣೆಯನ್ನೋ ನಕ್ಷೆಯನ್ನೋ ಕೊಟ್ಟು ಅದರಿಂದ ಏನು ತಿಳಿಯುತ್ತದೆ ಎನ್ನುತ್ತಾರೆ. ಬಾಯಿಪಾಠಕ್ಕೆ ಇಲ್ಲಿ ಬೆಲೆ ಕಡಿಮೆ.

ಇನ್ನು ಆ ಏಳು ಅಂಕ. ಪ್ರಶ್ನೆಗೆ ಉತ್ತರವಾಗುವ ಸ್ಪಷ್ಟ ವಾದಕ್ಕೆ ಒಂದು. ಆ ಕಾಲದ ಹಿನ್ನೆಲೆ ಹೇಳಿದ್ದಕ್ಕೆ ಒಂದು. ದಾಖಲೆಗಳ ಬಳಕೆಗೆ ಎರಡು: ಮೂರು ದಾಖಲೆಗಳ ವಿಷಯ ಹೇಳಿದರೆ ಒಂದು, ಕನಿಷ್ಠ ನಾಲ್ಕನ್ನು ವಾದಕ್ಕೆ ಆಧಾರವಾಗಿ ಬಳಸಿದರೆ ಎರಡೂ. ದಾಖಲೆಯಲ್ಲಿ ಇಲ್ಲದ ಒಂದು ಸಾಕ್ಷ್ಯವನ್ನು ತಾನೇ ತಂದರೆ ಒಂದು. ಕನಿಷ್ಠ ಎರಡು ದಾಖಲೆಗಳನ್ನು ಯಾರು ಬರೆದರು, ಯಾರಿಗೆ, ಯಾವ ಉದ್ದೇಶಕ್ಕೆ ಎಂದು ವಿವರಿಸಿ ಅದನ್ನು ವಾದಕ್ಕೆ ಜೋಡಿಸಿದರೆ ಒಂದು. ಕೊನೆಯದು ವಿಷಯದ ಸಂಕೀರ್ಣತೆಯನ್ನು ಹಿಡಿದಿದ್ದಕ್ಕೆ. ನಿಮ್ಮ ಮಗಳಿಗೆ ಎರಡು ಬಂದಿದೆ ಅಂದರೆ ನನ್ನ ಊಹೆ ಇದು: ಒಂದು ದಾಖಲೆ ಓದಿದಳು, ಅದರಲ್ಲಿ ಏನಿದೆ ಎಂದು ಬರೆದಳು, ಮುಂದಿನದಕ್ಕೆ ಹೋದಳು. ಬುದ್ಧಿವಂತ ಮಕ್ಕಳೇ ಇದನ್ನು ಜಾಸ್ತಿ ಮಾಡುತ್ತಾರೆ. ಯಾವ ದಾಖಲೆಯನ್ನೂ ಬಿಡಬಾರದು ಎಂಬ ಕಾಳಜಿ ಅವರಿಗೆ.

ಒಂದು ಉದಾಹರಣೆ ಕೊಡುತ್ತೇನೆ. ಪ್ರಶ್ನೆ ಹೀಗಿದೆ ಅಂದುಕೊಳ್ಳಿ: ಅಂತರ್ಯುದ್ಧ ಮುಗಿದ ಮೇಲಿನ, 1865ರಿಂದ 1877ರವರೆಗಿನ ಪುನರ್ನಿರ್ಮಾಣ ಕಾಲ ದಕ್ಷಿಣದ ಕಪ್ಪು ಜನರ ಬದುಕನ್ನು ಎಷ್ಟರ ಮಟ್ಟಿಗೆ ಬದಲಿಸಿತು? "ಪುನರ್ನಿರ್ಮಾಣ ಕಾಲದಲ್ಲಿ ಅನೇಕ ಬದಲಾವಣೆಗಳಾದವು" ಎಂದು ಶುರು ಮಾಡಿದರೆ ಸೊನ್ನೆ. ಅದು ವಾದವೇ ಅಲ್ಲ. ಅದರ ಬದಲು, "ಸಂವಿಧಾನದ 13, 14, 15ನೇ ತಿದ್ದುಪಡಿಗಳು ಗುಲಾಮಗಿರಿ ತೆಗೆದು ಪೌರತ್ವವನ್ನೂ ಗಂಡಸರಿಗೆ ಮತದ ಹಕ್ಕನ್ನೂ ಕೊಟ್ಟವು, ಆದರೆ ಭೂಮಿ ಕೈಗೆ ಬರದೆ ಹೋದದ್ದರಿಂದ ಹೆಚ್ಚಿನವರು ಪಾಲುಗಾರಿಕೆಯ (ಬೇರೆಯವರ ಜಮೀನಿನಲ್ಲಿ ದುಡಿದು ಬೆಳೆಯ ಪಾಲು ಕೊಡುವ ಪದ್ಧತಿಯ) ಸಾಲಕ್ಕೆ ಸಿಕ್ಕಿದರು, 1877ರಲ್ಲಿ ಸೈನ್ಯದ ಬೆಂಬಲ ಹೋದ ಮೇಲೆ ಕಾಗದದ ಹಕ್ಕುಗಳನ್ನು ಕಾಯುವವರೂ ಉಳಿಯಲಿಲ್ಲ" ಎಂದು ಬರೆದರೆ, ಅಲ್ಲಿ ಒಂದು ನಿಲುವಿದೆ, ಮುಂದಿನ ಪ್ಯಾರಾಗಳಿಗೆ ದಾರಿಯೂ ಇದೆ. ಈಗ ದಾಖಲೆಗಳಲ್ಲಿ ಒಂದು ಜಮೀನುದಾರ ಬರೆಸಿದ ಕೂಲಿ ಕರಾರು ಅಂದುಕೊಳ್ಳಿ. "ಈ ಕರಾರಿನ ಪ್ರಕಾರ ಕೆಲಸಗಾರ ಅರ್ಧ ಬೆಳೆ ಕೊಡಬೇಕು" ಎಂದರೆ ಅದು ಸಾರಾಂಶ ಅಷ್ಟೇ. "ಗುಲಾಮರನ್ನು ಕಳೆದುಕೊಂಡ ಜಮೀನುದಾರ ಅದೇ ದುಡಿಮೆಯನ್ನು ಕಾನೂನಿನ ಭಾಷೆಯಲ್ಲಿ ಹಿಡಿದಿಡಲು ಇದನ್ನು ಬರೆಸಿದ, ಹಾಗಾಗಿ ಮೇಲ್ನೋಟಕ್ಕೆ ಇಬ್ಬರ ಒಪ್ಪಂದದಂತೆ ಕಂಡರೂ ಷರತ್ತೆಲ್ಲ ಒಬ್ಬನದೇ" ಎಂದರೆ ಅಂಕ ಬರುತ್ತದೆ. 1870ರಲ್ಲಿ ಮಿಸಿಸಿಪಿಯಿಂದ ಹೈರಮ್ ರೆವೆಲ್ಸ್ ಸೆನೆಟ್‌ಗೆ ಹೋದ ಮೊದಲ ಕಪ್ಪು ಸದಸ್ಯ ಎಂಬುದು ದಾಖಲೆಯಲ್ಲಿ ಇಲ್ಲದಿದ್ದರೆ, ಅದನ್ನು ಅವಳೇ ತಂದು ವಾದಕ್ಕೆ ಕಟ್ಟಿದರೆ, ಹೊರಗಿನ ಸಾಕ್ಷ್ಯದ ಅಂಕವೂ ಸಿಗುತ್ತದೆ. ಅವಳಿಗೆ ಈ ಸಂಗತಿ ಖಂಡಿತ ಗೊತ್ತಿರುತ್ತದೆ. ಎಲ್ಲಿ ಇಡಬೇಕು ಎಂಬುದನ್ನು ಯಾರೂ ತೋರಿಸಿಲ್ಲ.

ನಾವು ಓದಿದ ರೀತಿಯೂ ಇಲ್ಲಿ ಅಡ್ಡ ಬರುತ್ತದೆ. "ದಂಗೆಗೆ ಕಾರಣಗಳನ್ನು ಬರೆಯಿರಿ" ಎಂದರೆ ರಾಜಕೀಯ, ಆರ್ಥಿಕ, ಸಾಮಾಜಿಕ ಎಂದು ಪಾಯಿಂಟ್ ಹಾಕಿ ಬರೆದವರು ನಾವು. ಎಷ್ಟು ಪಾಯಿಂಟೋ ಅಷ್ಟು ಮಾರ್ಕ್ಸ್. ಆ ಪದ್ಧತಿ ನೆನಪನ್ನು ಬೆಳೆಸಿತು, ನಾನು ಅದನ್ನು ತೆಗಳುವುದಿಲ್ಲ. ಆದರೆ "ಇನ್ನೂ ಜಾಸ್ತಿ ಓದು" ಎಂದು ನೀವು ಮಗಳಿಗೆ ಹೇಳಿದರೆ ಅವಳು ಇನ್ನೂ ಜಾಸ್ತಿ ಓದುತ್ತಾಳೆ, ಮತ್ತೆ ಎರಡೇ ಬರುತ್ತದೆ. ಆಗ ಮನಸ್ಸು ಮುರಿಯುತ್ತದೆ. ದಯವಿಟ್ಟು ಆ ಮಾತು ಬೇಡ.

ದುಡ್ಡು ಕೊಡುವ ಮೊದಲು ಪುಕ್ಕಟೆ ಸಿಗುವುದನ್ನು ಪೂರ್ತಿ ಬಳಸಿ. ಮೊದಲ ಬಾಗಿಲು ಅವಳ ಕ್ಲಾಸ್ ಟೀಚರ್. ನಮ್ಮ ಮಕ್ಕಳಲ್ಲಿ ಬಹಳ ಜನ ಶಾಲೆ ಮುಗಿದ ಮೇಲೆ ಟೀಚರ್ ಹತ್ತಿರ ಹೋಗಲು ಸಂಕೋಚಪಡುತ್ತಾರೆ, ಹೋದರೆ ದಡ್ಡಿ ಅಂದುಕೊಳ್ಳುತ್ತಾರೆ ಎಂಬ ಭಯ. ಅಲ್ಲಿ ಹಾಗಿಲ್ಲ, ಕೇಳಿದವರಿಗೆ ಸಮಯ ಕೊಡುವುದು ಅಲ್ಲಿನ ಸಾಮಾನ್ಯ ಪದ್ಧತಿ. ಆ ಎರಡಂಕದ ಪ್ರಬಂಧ ಹಿಡಿದುಕೊಂಡು ಹೋಗಿ "ಮೂರನೇ ಅಂಕ ಎಲ್ಲಿ ಸಿಗುತ್ತಿತ್ತು?" ಎಂದು ಒಂದೇ ಪ್ರಶ್ನೆ ಕೇಳಲಿ. ಎರಡನೆಯದು, ಈ ಪರೀಕ್ಷೆ ನಡೆಸುವ ಸಂಸ್ಥೆಯಾದ ಕಾಲೇಜ್ ಬೋರ್ಡ್ ಹಿಂದಿನ ವರ್ಷಗಳ ಪ್ರಬಂಧ ಪ್ರಶ್ನೆಗಳನ್ನು, ಅಂಕ ಕೊಡುವ ನಿಯಮವನ್ನು, ನಿಜವಾದ ವಿದ್ಯಾರ್ಥಿಗಳ ಉತ್ತರಗಳನ್ನು, ಪ್ರತಿ ಉತ್ತರಕ್ಕೆ ಯಾಕೆ ಅಷ್ಟು ಅಂಕ ಎಂಬ ವಿವರಣೆಯನ್ನು ತನ್ನ ಜಾಲತಾಣದಲ್ಲೇ ಹಾಕುತ್ತದೆ. ನನ್ನನ್ನು ಕೇಳಿದರೆ ಇದಕ್ಕಿಂತ ಒಳ್ಳೆಯ ಗೈಡ್ ಇಲ್ಲ. ಆ ಉತ್ತರಗಳಿಗೆ ಮಗಳೇ ಮೊದಲು ಅಂಕ ಹಾಕಲಿ, ಆಮೇಲೆ ಪರೀಕ್ಷಕರು ಹಾಕಿದ್ದನ್ನು ನೋಡಲಿ. ಆದರೆ ಒಂದು ಎಚ್ಚರ: 2023-24ರಲ್ಲಿ ನಿಯಮ ಸ್ವಲ್ಪ ಬದಲಾಗಿದೆ, ಅದಕ್ಕಿಂತ ಹಿಂದಿನ ಮಾದರಿ ಉತ್ತರಗಳನ್ನು ಈಗಿನ ನಿಯಮಕ್ಕೆ ಹೋಲಿಸಿಯೇ ಓದಬೇಕು. ಪಾಠ ಮೆಲುಕು ಹಾಕಲು ಎಪಿ ಕ್ಲಾಸ್‌ರೂಮ್‌ನ ವಿಡಿಯೋಗಳಿವೆ, ಖಾನ್ ಅಕಾಡೆಮಿ ಇದೆ, ಯೂಟ್ಯೂಬ್‌ನಲ್ಲಿ ಹೈಮ್ಲರ್ಸ್ ಹಿಸ್ಟರಿ ಇದೆ. ಹಾಗೇ ನಿಮ್ಮ ಊರಿನ ಲೈಬ್ರರಿಯಲ್ಲಿ ವಿಚಾರಿಸಿ. ಬ್ರೇನ್‌ಫ್ಯೂಸ್, ಟ್ಯೂಟರ್ ಡಾಟ್ ಕಾಮ್ ಇಂಥ ಆನ್‌ಲೈನ್ ಟ್ಯೂಷನ್ ಸೇವೆಗಳನ್ನು ಅಮೆರಿಕದ ಅನೇಕ ಸಾರ್ವಜನಿಕ ಲೈಬ್ರರಿಗಳು ಕಾರ್ಡ್ ಇದ್ದವರಿಗೆ ಉಚಿತವಾಗಿ ಕೊಡುತ್ತವೆ.

ಇಷ್ಟಾದ ಮೇಲೂ ಟ್ಯೂಟರ್ ಬೇಕು ಅನಿಸಿದರೆ ಹಾಕಿ. ತಪ್ಪೇನಿಲ್ಲ. ಆದರೆ ಮೊದಲ ಭೇಟಿಗೆ ಮುಂಚೆಯೇ ಮಗಳ ಪ್ರಬಂಧ ಕಳಿಸಿ, ನಿಯಮದ ಪ್ರಕಾರ ಅಂಕ ಹಾಕಿ ಕೊಡಿ ಎಂದು ಕೇಳಿ. ಯಾವ ಅಂಕ ಯಾವ ಸಾಲಿಗೆ ಎಂದು ಗುರುತು ಹಾಕಿ ಕೊಟ್ಟರೆ ಅವರಿಗೆ ಕೆಲಸ ಗೊತ್ತಿದೆ. "ಚೆನ್ನಾಗಿದೆ, ಇನ್ನಷ್ಟು ವಿವರ ಬೇಕು" ಎಂದಷ್ಟೇ ಬರೆದರೆ ನೂರು ಡಾಲರ್ ಕೊಡಬೇಡಿ. ತರಗತಿಯಲ್ಲಿ ಯಾರು ಜಾಸ್ತಿ ಮಾತಾಡುತ್ತಾರೆ ಎಂದು ಗಮನಿಸಿ, ಅದು ನಿಮ್ಮ ಮಗಳಾಗಿರಬೇಕು. ಅವಳ ಬದಲು ತಾವೇ ವಾಕ್ಯ ತಿದ್ದಿ ಬರೆದುಕೊಡುವವರನ್ನು ಅವತ್ತೇ ನಿಲ್ಲಿಸಿ. ಭಾರತದಿಂದ ಕಡಿಮೆ ದುಡ್ಡಿಗೆ ಹೇಳಿಕೊಡುವವರೂ ಇದ್ದಾರೆ, ಅವರನ್ನು ಅಗ್ಗ ಎಂಬ ಕಾರಣಕ್ಕೆ ತಳ್ಳಿಹಾಕಬೇಡಿ, ಅದೇ ಕಾರಣಕ್ಕೆ ಒಪ್ಪಿಕೊಳ್ಳಲೂ ಬೇಡಿ. ಅದೇ ಪ್ರಬಂಧ ಅವರಿಗೂ ಕಳಿಸಿ. ವಾರಕ್ಕೆ ಎರಡು ಮೂರು ತರಗತಿಯ ಪ್ಯಾಕೇಜ್ ಬೇಡವೇ ಬೇಡ. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ, ಅದರ ಮಧ್ಯೆ ಅವಳೇ ಗಡಿಯಾರ ಇಟ್ಟುಕೊಂಡು ಒಂದು ಪ್ರಬಂಧ ಬರೆಯುವುದು. ಅಷ್ಟು ಸಾಕು. ಬರೆಯುವುದು ಅಂದರೆ ಟೈಪ್ ಮಾಡುವುದು, 2025ರಿಂದ ಈ ಪರೀಕ್ಷೆ ಪೂರ್ತಿ ಬ್ಲೂಬುಕ್ ಎಂಬ ಆ್ಯಪ್‌ನಲ್ಲೇ ನಡೆಯುತ್ತದೆ. ನೋಟ್‌ಬುಕ್‌ನಲ್ಲಿ ಅಭ್ಯಾಸ ಮಾಡಿದರೆ ಆ ವೇಗದ ಅಂದಾಜು ಸಿಗುವುದಿಲ್ಲ.

ಓದುವ ಕ್ರಮದ ಬಗ್ಗೆ ಒಂದು ಮಾತು. ಪಠ್ಯವನ್ನು 1491ರಿಂದ ಇಂದಿನವರೆಗೆ ಒಂಬತ್ತು ಕಾಲಘಟ್ಟ ಮಾಡಿದ್ದಾರೆ. ಮೊದಲನೆಯದಕ್ಕೂ ಕೊನೆಯದಕ್ಕೂ ಶೇಕಡಾ 4ರಿಂದ 6ರಷ್ಟು ಮಾತ್ರ ತೂಕ. ಮೂರರಿಂದ ಎಂಟರವರೆಗೆ, ಅಂದರೆ 1754ರಿಂದ 1980ರವರೆಗೆ, ಒಂದೊಂದಕ್ಕೂ 10ರಿಂದ 17. ಡಿಬಿಕ್ಯೂ ಬರುವುದೂ ಆ ಅವಧಿಯಿಂದಲೇ. ರಿವಿಷನ್ ಅಂತ ಕೊಲಂಬಸ್‌ನಿಂದ ಶುರು ಮಾಡಿ ಅಂತರ್ಯುದ್ಧ ಮುಟ್ಟುವಷ್ಟರಲ್ಲಿ ಏಪ್ರಿಲ್ ಮುಗಿದು ಪರೀಕ್ಷೆಯೇ ಬಂದುಬಿಡುತ್ತದೆ.

ಇನ್ನು "ಈ ವಿಷಯ ನಮಗೇ ಗೊತ್ತಿಲ್ಲ" ಎಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್‌ಗೆ ಶರಣಾದ ಕಾರ್ನ್‌ವಾಲಿಸ್‌ನನ್ನು ನಿಮ್ಮ ಮಗಳು ಓದಿರುತ್ತಾಳೆ. ಹತ್ತು ವರ್ಷದ ಮೇಲೆ, 1791ರಲ್ಲಿ, ಬೆಂಗಳೂರು ಕೋಟೆ ಹಿಡಿದವನೂ ಅವನೇ, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡವನೂ ಅವನೇ. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಯುದ್ಧನೌಕೆಯ ಹೆಸರು ಹೈದರ್ ಅಲಿ. ನಮ್ಮ ಹೈದರ್ ಹೆಸರೇ. ಬ್ರಿಟಿಷರ ಶತ್ರು ಎಂಬ ಅಭಿಮಾನದಿಂದ ಇಟ್ಟದ್ದು. ಅಂತರ್ಯುದ್ಧದಲ್ಲಿ ಉತ್ತರದವರು ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಭಾರತದ ಹತ್ತಿಗೆ ಬೆಲೆ ಏರಿತು, ಧಾರವಾಡದ ಕಡೆಯ ಹತ್ತಿಯೂ ಅದರಲ್ಲಿತ್ತು. ಇವು ಪಠ್ಯದಲ್ಲಿ ಇಲ್ಲ, ಇವುಗಳಿಂದಲೇ ಅಂಕ ಬರುತ್ತದೆ ಎಂದೂ ಹೇಳುತ್ತಿಲ್ಲ. ಆದರೆ ಅಮೆರಿಕದಲ್ಲಿ ನಡೆದದ್ದನ್ನು ಹೊರಗಿನ ಜಗತ್ತಿಗೆ ಜೋಡಿಸಿ ನೋಡುವುದು ಸಂಕೀರ್ಣತೆಗೆ ಕೊಡುವ ಆ ಏಳನೇ ಅಂಕಕ್ಕೆ ಒಂದು ದಾರಿ.

ನಿಮ್ಮ ಮನೆಯೇ ಪಠ್ಯದೊಳಗಿರುವ ಜಾಗವೊಂದಿದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಪೌರತ್ವ ಪಡೆಯಲಾರರು ಎಂದಿತು. 1924ರ ಕಾನೂನು ವಲಸೆಗೆ ದೇಶವಾರು ಕೋಟಾ ಬಿಗಿ ಮಾಡಿತು. 1946ರಲ್ಲಿ ಪೌರತ್ವದ ಬಾಗಿಲು ತೆರೆದರೂ ಭಾರತಕ್ಕೆ ಕೊಟ್ಟದ್ದು ವರ್ಷಕ್ಕೆ ನೂರು ಜನರ ಕೋಟಾ. 1965ರಲ್ಲಿ, ನಾಗರಿಕ ಹಕ್ಕುಗಳ ಹೋರಾಟದ ಬಿಸಿಯಲ್ಲೇ, ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ವಲಸೆ ಕಾನೂನು ಆ ಕೋಟಾ ಪದ್ಧತಿಯನ್ನು ತೆಗೆದುಹಾಕಿತು. ನಮ್ಮ ಡಾಕ್ಟರುಗಳು, ಇಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋಗಲು ಸಾಧ್ಯವಾದದ್ದು ಅದರಿಂದ. ಕಪ್ಪು ಜನರು ಬೀದಿಗಿಳಿದು ಗೆದ್ದ ಗಾಳಿಯಲ್ಲೇ ಆ ಬಾಗಿಲು ತೆರೆಯಿತು ಎಂಬುದು ನಿಮ್ಮ ಮಗಳಿಗೆ ತಿಳಿಯಲಿ. ಊಟದ ಹೊತ್ತಿನಲ್ಲಿ ಅವಳನ್ನೇ ಕೇಳಿ: 1924ರಲ್ಲಿ ಯಾಕೆ ಮುಚ್ಚಿದರು, 1965ರಲ್ಲಿ ಯಾಕೆ ತೆರೆದರು? ಅವಳು ಹೇಳಿದ್ದಕ್ಕೆ "ಅದಕ್ಕೆ ಸಾಕ್ಷಿ ಏನು?" ಎನ್ನಿ. ನಿಮಗೆ ಉತ್ತರ ಗೊತ್ತಿರಬೇಕಾಗಿಲ್ಲ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನಿ, ಅವಳು ಇನ್ನೊಮ್ಮೆ ಬಿಡಿಸಿ ಹೇಳುತ್ತಾಳೆ. ಡಿಬಿಕ್ಯೂನ ಪ್ಯಾರಾ ಕಟ್ಟುವ ಕೆಲಸವೂ ಇದೇ ಅಲ್ವಾ? ಕನ್ನಡದಲ್ಲಿ ಹೇಳಿದರೂ ನಡೆಯುತ್ತದೆ.

ಕ್ಲಾಸ್ ಬಿಡಿಸುವ ಮಾತು ಈಗಲೇ ಬೇಡ. ಒಂದು ಪ್ರಬಂಧದ ಮೇಲೆ ಅದನ್ನು ತೀರ್ಮಾನಿಸಬಾರದು. ಟೀಚರ್ ಹೇಳಿದ್ದನ್ನು ಹಿಡಿದು ಇನ್ನೂ ಎರಡು ಬರೆಯಲಿ. ಅಂಕ ನಾಲ್ಕಕ್ಕೆ ಬಂದರೆ ದಾರಿ ಸರಿಯಿದೆ. ಬರದೆ, ಅವಳ ನಿದ್ದೆಯೂ ಕೆಡುತ್ತಿದ್ದರೆ, ಶಾಲೆಯ ಕೌನ್ಸೆಲರ್ ಜೊತೆ ಕೂತು ಸಾಮಾನ್ಯ ತರಗತಿಗೆ ಬದಲಾಯಿಸಲು ಯಾವಾಗಿನವರೆಗೆ ಅವಕಾಶವಿದೆ, ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಂಕಪಟ್ಟಿಯಲ್ಲಿ) ಹೇಗೆ ಕಾಣುತ್ತದೆ ಎಂದು ಕೇಳಿ. ಆ ಮಾತುಕತೆಯಲ್ಲಿ ಮಗಳೂ ಇರಲಿ. ಕೊನೆಯ ನಿರ್ಧಾರ ಅವಳದೇ ಆಗಲಿ ಎಂದು ನಿಮ್ಮ ಯಜಮಾನರಿಗೂ ನನ್ನ ಪರವಾಗಿ ಹೇಳಿ.