ಹೊಸ ಬ್ಯಾಟರಿ ಹಾಕಿದ್ರೂ ಕಾರು ಸ್ಟಾರ್ಟ್ ಆಗ್ತಿಲ್ಲ, ಬ್ಯಾಟರಿ ವಾಪಸ್ ಕೊಡುದಾ, ಇಂಜಿನ್ ತಿರುಗಿಸುವ ಸೆಲ್ಫ್ ಮೋಟಾರ್ ಬದಲಾಯಿಸುದಾ?

ಎರಡೂ ಬೇಡ ಮಾರಾಯ್ರೆ, ಸ್ವಲ್ಪ ನಿಲ್ಲಿ. ಕೀ ತಿರುಗಿಸಿದ್ರೆ ಟಕ್ ಅಂತ ಒಂದೇ ಶಬ್ದ, ಹೆಡ್‌ಲೈಟ್ ಮಂಕಾಗುದೇ ಇಲ್ಲ ಅಂತ ಬರ್ದಿದ್ದೀರಲ್ಲ, ಅದನ್ನು ಓದಿದ ಕೂಡ್ಲೇ ನಂಗೆ ಸುರತ್ಕಲ್ ಮನೆಯ ಹಳೆ ಕಾರು ನೆನಪಾಯ್ತು.

ಸಮುದ್ರ ಹತ್ರ, ಶೆಡ್ ಇಲ್ಲ, ತೆಂಗಿನ ಮರದಡಿ ನಿಲ್ಲಿಸಿದ್ರೆ ಗ್ಲಾಸಿಗೆ ಗ್ಯಾರಂಟಿ ಇಲ್ಲ, ಹಾಗಾಗಿ ಅದು ಇಡೀ ಮಳೆಗಾಲ ಗೇಟಿನ ಹತ್ರ ಬಯಲಲ್ಲೇ. ಆಟಿಯಲ್ಲಿ, ಅಂದ್ರೆ ಜೋರು ಮಳೆಯ ತುಳು ತಿಂಗಳಲ್ಲಿ, ಒಂದು ಬೆಳಿಗ್ಗೆ ಟಕ್. ಬ್ಯಾಟರಿ ಹಳೆದಾಗಿತ್ತು, ಬದಲಾಯಿಸಿದೆ, ಸ್ವಲ್ಪ ದಿನ ಸರಿ ಇತ್ತು, ಮತ್ತೆ ಟಕ್. ಮಲ್ಟಿಮೀಟರ್ ತಂದು ಬ್ಯಾಟರಿ ಮೇಲೆ ಇಟ್ಟೆ, 12.6 ವೋಲ್ಟ್. ಬ್ಯಾಟರಿ ಫುಲ್ ಉಂಟು, ಹಾಗಾದ್ರೆ ಸೆಲ್ಫೇ ಹೋಗಿದೆ ಅಂತ ಬಿಚ್ಚಿಸಿ ಕಾರ್ಬನ್ ಬ್ರಷ್, ಬುಷ್, ಸೊಲೆನಾಯ್ಡ್ (ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಎಲ್ಲ ಹೊಸತು ಹಾಕಿಸಿದೆ. ಅಂಗಡಿಯ ಟೇಬಲ್ ಮೇಲೆ ಗಿರ್ರ್ ಅಂತ ತಿರುಗಿದ ಮೋಟಾರ್ ಕಾರಿಗೆ ಕೂರಿಸಿದ್ರೆ ಪುನಃ ಟಕ್. ದುಡ್ಡು ನೀರಲ್ಲಿ ಹೋಮ.

ಮೀಟರ್ ಸುಳ್ಳು ಹೇಳ್ಲಿಲ್ಲ, ನಾನು ಇಟ್ಟ ಜಾಗವೂ ಹೊತ್ತೂ ತಪ್ಪು. ಕಾರು ಸುಮ್ಮನೆ ನಿಂತಿರುವಾಗ ಕರೆಂಟೇ ಹರಿಯುದಿಲ್ಲ, ಆಗ ದಾರಿಯಲ್ಲಿ ಎಷ್ಟು ತುಕ್ಕು ಇದ್ರೂ 12.6 ಬರ್ತದೆ. ಸೆಲ್ಫ್ ಹೊಡೆಯುವಾಗ ಸಣ್ಣ ಕಾರೂ ನೂರು ಆಂಪ್ ಮೇಲೆ ಎಳಿತದೆ. ಆ ದಾರಿಯಲ್ಲಿ ಬರೀ 0.05 ಓಮ್ ರೆಸಿಸ್ಟೆನ್ಸ್ ಇದ್ರೆ, ನೂರು ಆಂಪಿಗೆ 5 ವೋಲ್ಟ್ ಅಲ್ಲೇ ಖಾಲಿ, ಮೋಟಾರಿಗೆ ಎಂತ ಉಳೀತದೆ? ಸಾಧಾರಣ ಮೀಟರಿಗೆ 0.05 ಓಮ್ ಕಾಣುದೂ ಇಲ್ಲ, ಬೀಪ್ ಮೋಡಲ್ಲಿ ನೋಡಿದ್ರೆ ವಯರಿನ ಒಂದೇ ಎಳೆ ಉಳಿದಿದ್ರೂ ಕುಂಯ್ ಅಂತದೆ. ನಾನು ಬೀಪೂ ಮಾಡಿ ನೋಡಿದ್ದೆ, ಅದು ಬೇರೆ ಕಥೆ.

ಕಡೆಗೆ ಕೂಳೂರು ಕಡೆಯ ಒಬ್ರು ವಯಸ್ಸಾದ ಎಲೆಕ್ಟ್ರಿಷಿಯನ್ ಬಂದ್ರು. ಮೀಟರ್ ಮುಟ್ಲೇ ಇಲ್ಲ. ಜಂಪರ್ ಕೇಬಲಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿನ ಬರಿ ಕಬ್ಬಿಣಕ್ಕೆ ಕಚ್ಚಿಸಿ "ಈಗ ಹೊಡೀರಿ" ಅಂದ್ರು. ಒಂದೇ ಸಲಕ್ಕೆ ಸ್ಟಾರ್ಟ್. "ಅರ್ತ್ ಇಜ್ಜಿ" ಅಂತ ತುಳುವಲ್ಲಿ ಇಷ್ಟೇ ಹೇಳಿದ್ದು, ಅಂದ್ರೆ ಅರ್ಥ್ ಇಲ್ಲ, ಇಂಜಿನ್ನಿಂದ ಬ್ಯಾಟರಿ ಮೈನಸ್ಸಿಗೆ ಕರೆಂಟ್ ವಾಪಸ್ ಹೋಗುವ ದಾರಿ ಸರಿ ಇಲ್ಲ. ಗೇರ್ ಬಾಕ್ಸಿನಿಂದ ಕಾರಿನ ಬಾಡಿ ತನಕ ಬರುವ ಹೆಣೆದ ತಾಮ್ರದ ಪಟ್ಟಿ ಉಂಟಲ್ಲ, ಅದು ಉಪ್ಪು ಗಾಳಿಗೆ ಹಸಿರು ಪುಡಿ ಆಗಿತ್ತು. ಸೆಲ್ಫ್ ಇಂಜಿನ್ನಿಗೆ ಬೋಲ್ಟ್ ಆಗಿರ್ತದೆ, ಕರೆಂಟ್ ವಾಪಸ್ ಬರ್ಲಿಕ್ಕೆ ಆ ಪಟ್ಟಿಯೇ ದಾರಿ, ಅದಿಲ್ಲದಿದ್ರೆ ಸಿಕ್ಕಿದ ದಾರಿ ಹಿಡಿತದೆ. ನಮ್ಮ ಕಾರಲ್ಲಿ ಕ್ಲಚ್ ಕೇಬಲ್ ಬಿಸಿ ಆಗ್ತಿತ್ತು!

ನೀವು ಮಾಡ್ಬೇಕಾದ್ದು: ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಬೆಲ್ಟ್ ಫ್ಯಾನಿಂದ ದೂರ ಕೇಬಲ್ ಕಚ್ಚಿಸಿ ಇದೇ ಪರೀಕ್ಷೆ ಮಾಡಿ. ಮೀಟರ್ ಇದ್ರೆ ಅದರ ಒಂದು ವಯರಿನ ತುದಿ ಬ್ಯಾಟರಿಯ ಮೈನಸ್ ಪೋಸ್ಟಿಗೇ (ಅದಕ್ಕೆ ಬಿಗಿದ ಕ್ಲಾಂಪಿಗಲ್ಲ), ಇನ್ನೊಂದು ಇಂಜಿನ್ ಬ್ಲಾಕಿಗೆ ಇಟ್ಟು ಯಾರಾದ್ರೂ ಸೆಲ್ಫ್ ಹೊಡೀಲಿ, 0.3 ವೋಲ್ಟಿಗಿಂತ ಜಾಸ್ತಿ ತೋರಿಸಿದ್ರೆ ಕಳ್ಳ ಸಿಕ್ಕಿದ. ಪ್ಲಸ್ ಪೋಸ್ಟಿಂದ ಸೆಲ್ಫಿನ ದಪ್ಪ ವಯರ್ ಕೂರುವ ಬೋಲ್ಟಿಗೂ ನೋಡಿ, ಅಲ್ಲಿ ಅರ್ಧ ವೋಲ್ಟ್ ತನಕ ಪರ್ವಾಗಿಲ್ಲ. ಪಟ್ಟಿ ಬದಲಾಯಿಸುವಾಗ ಬೋಲ್ಟ್ ಕೂರುವ ಜಾಗದ ಪೇಂಟ್, ತುಕ್ಕು ಸ್ಯಾಂಡ್ ಪೇಪರಿಂದ ಉಜ್ಜಿ ಬಿಗಿ ಮಾಡಿ, ಮೇಲಿಂದ ಗ್ರೀಸ್ ಹಚ್ಚಿ. ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಇದೊಂದು ಕೆಲಸ ಮಾಡದವರಿಗೆ ನನ್ನ ಕನಿಕರ ಇಲ್ಲ.

ಬ್ಯಾಟರಿ ವಾಪಸ್ ತಗೊಂಡು ಹೋದ್ರೆ ಅಂಗಡಿಯವ ಅದನ್ನು ಮಾತ್ರ ಟೆಸ್ಟ್ ಮಾಡಿ "ಓಕೆ ಉಂಟು" ಅಂತ ಕಳಿಸ್ತಾನೆ, ಅವ ಹೇಳುದೂ ಸರಿಯೇ. ಟಕಟಕಟಕ ಅಂತ ಹೊಡ್ಕೊಂಡು ಲೈಟ್ ಸಾಯ್ತಿದ್ರೆ ಮಾತು ಬೇರೆ, ಆಗ ಚಾರ್ಜ್ ಇಲ್ಲ ಅಥವಾ ಟರ್ಮಿನಲ್ ಲೂಸ್. ಮೇಲೆ ಹೇಳಿದ ಮೈನಸ್, ಪ್ಲಸ್ ಎರಡೂ ಪರೀಕ್ಷೆಯಲ್ಲಿ ವೋಲ್ಟ್ ಕಡಿಮೆ ಬಂದು, ಹೊಡೆಯುವಾಗ ಬ್ಯಾಟರಿ 10 ವೋಲ್ಟಿನ ಮೇಲೆಯೇ ನಿಂತು, ಸೊಲೆನಾಯ್ಡಿನ ಸಣ್ಣ ವಯರಿಗೂ ಸರಿಯಾಗಿ ಕರೆಂಟ್ ಬಂದು ಇನ್ನೂ ಟಕ್ ಅಂತಲೇ ಇದ್ರೆ ಆವಾಗ ಸೆಲ್ಫ್ ಬಿಚ್ಚಿಸಿ.