ಜರ್ಮನಿ ಸರ್ಕಾರದ ಅರ್ಧ ದುಡ್ಡು, ತಿಕೋಟಾದ ಒಣದ್ರಾಕ್ಷಿ ಶೆಡ್ಡು

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು. ಎಲ್ಲರೂ ಕೂಡಿ ರೈತ ಉತ್ಪಾದಕ ಕಂಪನಿ ಮಾಡಿಕೊಂಡಿದ್ದೇವೆ. ಒಣಗಿಸುವ ಯಂತ್ರ ತಯಾರಿಸುವ ಜರ್ಮನಿಯ ಕಂಪನಿಯವರು ಬಂದು ಶೆಡ್ ನೋಡಿಕೊಂಡು ಹೋದರು. ‘ಬಿಸಿಗಾಳಿಯ ಡ್ರೈಯರ್ ಹಾಕೋಣ, ಖರ್ಚಿನ ಅರ್ಧ ನಮ್ಮ ಸರ್ಕಾರ ಕೊಡುತ್ತದೆ, ನೀವು ಎರಡು ಎಕರೆ ಜಾಗ, ಶೆಡ್, ಆಳು ಕೊಟ್ಟರೆ ಸಾಕು’ ಎನ್ನುತ್ತಾರೆ. ಹದಿನೈದು ದಿನದೊಳಗೆ ಒಪ್ಪಿಗೆ ಪತ್ರಕ್ಕೆ ಸಹಿ ಬೇಕಂತೆ. ನಮ್ಮ ಕಂಪನಿಯಲ್ಲಿ ಪಾಲನ್ನೂ ಕೇಳುತ್ತಿದ್ದಾರೆ. ಹೋದ ವರ್ಷ ಅಡ್ಡಮಳೆಗೆ ಮಾಲು ಕಪ್ಪಾಗಿ ಕೈ ಸುಟ್ಟುಕೊಂಡವರು ನಾವು. ಬಿಡಲು ಮನಸ್ಸಿಲ್ಲ, ಹಿಡಿಯಲು ಧೈರ್ಯ ಇಲ್ಲ. ಏನು ಮಾಡೋಣ ಸರ್?
— ಹೆಸರು ಬೇಡ, ತಿಕೋಟಾ

ಉತ್ತರ: ಬಿಡಬೇಡಿ. ಆದರೆ ಅವರು ತಮ್ಮ ಸರ್ಕಾರಕ್ಕೆ ಕೊಡುವ ಅರ್ಜಿಯನ್ನೂ ಖರ್ಚಿನ ಅಂದಾಜನ್ನೂ ಓದುವತನಕ ಸಹಿ ಹಾಕಬೇಡಿ.

ಅವರು ಹೇಳುತ್ತಿರುವಂಥ ಯೋಜನೆ ಇರುವುದು ನಿಜ. ಜರ್ಮನಿಯ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಚಿವಾಲಯ 1999ರಿಂದ ‘ಡೆವಲೊಪಿಪಿಪಿ’ ಎಂಬ ಕಾರ್ಯಕ್ರಮ ನಡೆಸುತ್ತಿದೆ. ನಮ್ಮಂಥ ದೇಶಗಳಲ್ಲಿ ಕೆಲಸ ಮಾಡಲು ಮುಂದೆ ಬರುವ ಖಾಸಗಿ ಕಂಪನಿಗೆ 1 ಲಕ್ಷದಿಂದ 20 ಲಕ್ಷ ಯೂರೋವರೆಗೆ ಸಿಗುತ್ತದೆ, ಹೆಚ್ಚೆಂದರೆ ಮೂರು ವರ್ಷದ ಅವಧಿಗೆ. ಒಟ್ಟು ಖರ್ಚಿನಲ್ಲಿ ಕನಿಷ್ಠ ಅರ್ಧವನ್ನು ಕಂಪನಿಯೇ ಹೊರಬೇಕು. ಡಿಇಜಿ ಮತ್ತು ಜಿಐಝೆಡ್ ಎಂಬ ಸಂಸ್ಥೆಗಳು ಸಚಿವಾಲಯದ ಪರವಾಗಿ ಇದನ್ನು ನೋಡಿಕೊಳ್ಳುತ್ತವೆ. ಇಂಥ ಹಣಕ್ಕೆ ಕಂಪನಿಗಳು ಪೈಪೋಟಿಯಲ್ಲಿ ಅರ್ಜಿ ಹಾಕಬೇಕು, ಅದಕ್ಕೆ ಕೊನೆಯ ದಿನ ಇರುತ್ತದೆ. ನಿಮ್ಮ ಸಹಿಗೆ ಇಷ್ಟು ಅವಸರ ಮಾಡುತ್ತಿರುವುದು ಅದಕ್ಕೇ ಇರಬಹುದು. ಹಾಗಿದ್ದರೆ ಸರ್ಕಾರ ಇನ್ನೂ ಏನೂ ಕೊಟ್ಟಿಲ್ಲ ಎಂದಾಯಿತು.

ಮಂಜೂರಾದ ಮೇಲೂ ಆ ದುಡ್ಡು ನಿಮ್ಮದಲ್ಲ. ಕರಾರು ಆಗುವುದು ಅಲ್ಲಿನ ಸಂಸ್ಥೆಗೂ ಅಲ್ಲಿನ ಕಂಪನಿಗೂ. ಹಾಗಾದರೆ ಕಂಪನಿ ಹೊರಬೇಕಾದ ಅರ್ಧ ಎಲ್ಲಿಂದ ಬರುತ್ತದೆ? ಗಂಟು ಇರುವುದು ಇಲ್ಲೇ. ನಿಮ್ಮ ಎರಡು ಎಕರೆ, ನಿಮ್ಮ ಶೆಡ್, ನಿಮ್ಮ ಆಳು ಆ ಅಂದಾಜಿನಲ್ಲಿ ಯಾರ ಹೆಸರಿನ ಮುಂದೆ ನಿಂತಿವೆ, ಎಷ್ಟು ಬೆಲೆಗೆ ನಿಂತಿವೆ ಎಂದು ಬೆರಳಿಟ್ಟು ಕೇಳಿ. ಫೆಬ್ರುವರಿಯಿಂದ ಏಪ್ರಿಲ್‌ತನಕ ನಿಮ್ಮ ಶೆಡ್ ಒಂದು ದಿನವೂ ಖಾಲಿ ಇರುವುದಿಲ್ಲ. ದ್ರಾಕ್ಷಿಯನ್ನು ಡಿಪ್ಪಿಂಗ್ ದ್ರಾವಣದಲ್ಲಿ ಅದ್ದಿ, ರ‍್ಯಾಕಿನ ಬಲೆ ಮೇಲೆ ಹರವಿ, ಹದಿನೈದು ದಿನ ಆಕಾಶ ನೋಡುತ್ತ ಕೂತರೆ ನಾಲ್ಕು ಕೆ.ಜಿ.ಗೆ ಒಂದು ಕೆ.ಜಿ. ಮಾಲು. ಆ ಮೂರು ತಿಂಗಳು ಪ್ರಯೋಗಕ್ಕೆ ಶೆಡ್ ಬಿಟ್ಟರೆ ಅದು ನೀವು ಹಾಕುವ ಬಂಡವಾಳ. ಬಾಡಿಗೆ ಕಟ್ಟಿ ಕಾಗದದಲ್ಲಿ ಬರೆಸಿ. ಡ್ರೈಯರ್ ಒಳಗೆ ಮಾಲು ಕೆಟ್ಟರೆ ನಾಲ್ಕು ಕೆ.ಜಿ. ಹಸಿದ್ರಾಕ್ಷಿಯ ಬೆಲೆ ಯಾರು ಕೊಡಬೇಕು ಎಂಬುದೂ ಅಲ್ಲೇ ಇರಲಿ.

ಪಾಲಿನ ವಿಚಾರಕ್ಕೆ ಚರ್ಚೆಯೇ ಬೇಡ, ಕೊಡಲು ಬರುವುದಿಲ್ಲ. ಕಂಪನಿ ಕಾಯ್ದೆಯ ಪ್ರಕಾರ ಉತ್ಪಾದಕ ಕಂಪನಿಯ ಸದಸ್ಯರಾಗುವವರು ಸ್ವತಃ ಬೆಳೆಯುವವರು ಅಥವಾ ಅವರದೇ ಸಂಸ್ಥೆಗಳು. ವಿದೇಶಿ ಯಂತ್ರ ತಯಾರಕರಿಗೆ ಅಲ್ಲಿ ಜಾಗವಿಲ್ಲ. ಅವರಿಗೆ ಪಾಲೇ ಬೇಕಿದ್ದರೆ ಇಬ್ಬರೂ ಸೇರಿ ಬೇರೊಂದು ಪ್ರೈವೇಟ್ ಲಿಮಿಟೆಡ್ ಕಂಪನಿ ತೆರೆಯಬಹುದು. ಆಹಾರ ಸಂಸ್ಕರಣೆಯಲ್ಲಿ ಶೇ 100 ವಿದೇಶಿ ಹೂಡಿಕೆಗೆ ಮುಂಗಡ ಅನುಮತಿ ಬೇಕಿಲ್ಲ. ಆದರೆ ಷೇರು ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ವರದಿ ಹೋಗಬೇಕು. ವಿದೇಶದಿಂದ ಅನುದಾನ ನೇರವಾಗಿ ನಿಮ್ಮ ಖಾತೆಗೇ ಬರುವುದಾದರೆ ಒಂದು ರೂಪಾಯಿ ಮುಟ್ಟುವ ಮೊದಲು ಸಿ.ಎ. ಹತ್ತಿರ ಹೋಗಿ, ವಿದೇಶಿ ವಂತಿಗೆ ಕಾಯ್ದೆ ಬಹಳ ಬಿಗಿ.

ಇನ್ನು ಬಿಲ್ಲಿನ ಮಾತು. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಗೆ (ಲೋಹ ಎರಕದ ಕಾರ್ಖಾನೆಗೆ) ಇಂಥದೇ ಪಾಲುದಾರಿಕೆ ಬಂದಿತ್ತು. ಲೆಕ್ಕ ಬರೆಯುವ ಕೆಲಸ ನನ್ನದು. ಮೋಲ್ಡಿಂಗ್ ಹುಡುಗರಿಗೆ ಮೂರು ತಿಂಗಳು ತರಬೇತಿ ನಡೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹಾಜರಿ ಪುಸ್ತಕದಲ್ಲಿ ಸಹಿ ಇತ್ತು, ಕಪ್ಪು ಮರಳಿನ ಹೆಬ್ಬೆಟ್ಟಿನ ಗುರುತೂ ಇತ್ತು, ತಾರೀಖು ಮಾತ್ರ ಇರಲಿಲ್ಲ. ತರಬೇತಿದಾರರ ಊಟ-ವಸತಿಗೆ ಇದ್ದದ್ದು ಕಚ್ಚಾ ಚೀಟಿ. ವಿದೇಶದ ಲೆಕ್ಕ ಪರಿಶೋಧಕರು ಆ ಇಡೀ ಬಾಬನ್ನೇ ಹೊಡೆದುಹಾಕಿದರು. ಕೈಯಿಂದ ಕಳೆದುಕೊಂಡದ್ದು ಫೌಂಡ್ರಿ ಮಾಲೀಕರು. ತಪ್ಪಿನಲ್ಲಿ ನನ್ನದೂ ಪಾಲಿತ್ತು, ಮೊದಲ ವಾರವೇ ಆ ಪುಸ್ತಕ ತೆರೆದು ನೋಡಬೇಕಿತ್ತು. ಇಂಥ ದುಡ್ಡು ಮೊದಲು ಖರ್ಚು ಮಾಡಿ ಆಮೇಲೆ ಪಕ್ಕಾ ಬಿಲ್ ತೋರಿಸಿದಾಗಲೇ ಬರುವುದು ಎಂದು ತಿಳಿದುಕೊಂಡೇ ಕೆಲಸ ಶುರು ಮಾಡಿ. ಕಡ್ಡಿ ಬಿಡಿಸಲು ಬರುವ ಹೆಣ್ಣುಮಕ್ಕಳ ಕೂಲಿ ಬ್ಯಾಂಕ್ ಖಾತೆಗೇ ಹೋಗಲಿ. ಅರ್ಜಿಯಲ್ಲಿ ‘ಇಷ್ಟು ಮಹಿಳೆಯರಿಗೆ ಕೆಲಸ’ ಎಂದು ಬರೆದಿದ್ದರೆ ಮೂರು ವರ್ಷ ಅದನ್ನು ತೋರಿಸಬೇಕಾದವರು ನೀವೇ.

ಬರೀ ಯಂತ್ರ ಮಾರಲು ಆ ಸರ್ಕಾರ ದುಡ್ಡು ಕೊಡುವುದಿಲ್ಲ. ಕಂಪನಿ ಹೇಗೂ ಮಾಡುತ್ತಿದ್ದ ವ್ಯಾಪಾರಕ್ಕಿಂತ ಹೆಚ್ಚಿನದು ಏನಾದರೂ ಇರಬೇಕು. ಅದಕ್ಕೆ ನನ್ನ ಸಲಹೆ ಇಷ್ಟು: ಯಂತ್ರ ನಿಮ್ಮ ಹೆಸರಲ್ಲಿರಲಿ, ಅವರ ಅನುದಾನ ತರಬೇತಿಗೆ, ಕೀಟನಾಶಕ ಉಳಿಕೆಯ ಪರೀಕ್ಷೆಗೆ, ರಿಪೇರಿ ಕಲಿಸುವುದಕ್ಕೆ ಹೋಗಲಿ. ಯಂತ್ರಕ್ಕೆ ನಮ್ಮಲ್ಲೇ ದಾರಿ ಇದೆ. 2020ರಲ್ಲಿ ಶುರುವಾದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿವರೆಗಿನ ಸಾಲಕ್ಕೆ ಏಳು ವರ್ಷ ಶೇ 3 ಬಡ್ಡಿ ರಿಯಾಯಿತಿ. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆಂದು ಅದೇ ವರ್ಷ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲದ ಜೊತೆ ಶೇ 35 ಸಹಾಯಧನ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ. ‘ಮಾಲೆಲ್ಲ ನಮಗೇ ಕೊಡಬೇಕು’ ಎಂಬ ಷರತ್ತು ಬಂದರೆ ದರವನ್ನು ಆ ವಾರದ ವಿಜಯಪುರ ಅಥವಾ ಮಹಾರಾಷ್ಟ್ರದ ತಾಸಗಾಂವ ಒಣದ್ರಾಕ್ಷಿ ಮಾರುಕಟ್ಟೆ ದರಕ್ಕೆ ಕಟ್ಟಿ, ಇಲ್ಲದಿದ್ದರೆ ಒಪ್ಪಬೇಡಿ.

ಪ್ರಶ್ನೆ: ಬಡ ದೇಶಗಳಿಗೆಂದು ಎತ್ತಿಟ್ಟ ತೆರಿಗೆ ಹಣವನ್ನು ಶ್ರೀಮಂತ ದೇಶಗಳು ತಮ್ಮದೇ ಕಂಪನಿಗಳಿಗೆ ಕೊಡುವುದು ಸರಿಯೇ?
— ಅರ್ಥಶಾಸ್ತ್ರ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ನಿಮ್ಮ ಅನುಮಾನಕ್ಕೆ ಗಟ್ಟಿ ಆಧಾರವಿದೆ. ಮಲೇಷ್ಯಾದ ಪೆರ್ಗಾವ್ ಅಣೆಕಟ್ಟಿಗೆ ಬ್ರಿಟನ್ 23.4 ಕೋಟಿ ಪೌಂಡ್ ನೆರವು ಕೊಟ್ಟಿತು. ಕಟ್ಟುವ ಕೆಲಸ ಸಿಕ್ಕಿದ್ದು ಬ್ರಿಟನ್ನಿನ ಕಂಪನಿಗಳಿಗೆ, ನೆರವಿನ ಹಿಂದೆ ಶಸ್ತ್ರಾಸ್ತ್ರ ಮಾರಾಟದ ಮಾತುಕತೆಯೂ ಇತ್ತು. ಆ ನೆರವು ಕಾನೂನುಬಾಹಿರ ಎಂದು 1994ರಲ್ಲಿ ಅಲ್ಲಿನ ಹೈಕೋರ್ಟೇ ಹೇಳಿತು. ನಮ್ಮ ಕಂಪನಿಯಿಂದಲೇ ಕೊಳ್ಳಬೇಕು ಎಂಬ ಷರತ್ತನ್ನು ಬ್ರಿಟನ್ 2001ರಲ್ಲಿ ಕೈಬಿಟ್ಟಿತು. ಮರುವರ್ಷದ ಕಾಯ್ದೆ ನೆರವಿನ ಉದ್ದೇಶ ಬಡತನ ಕಡಿಮೆ ಮಾಡುವುದು ಎಂದು ಬರೆದಿಟ್ಟಿತು.

ಎಲ್ಲ ಹಣವೂ ಅನುದಾನವಲ್ಲ ಎಂಬುದನ್ನೂ ಗಮನಿಸಿ. 1962ರಲ್ಲಿ ಹುಟ್ಟಿದ ಜರ್ಮನಿಯ ಡಿಇಜಿ, 1970ರ ನೆದರ್ಲೆಂಡ್ಸಿನ ಎಫ್‌ಎಂಒ, 1948ರಲ್ಲಿ ಹುಟ್ಟಿ 2022ರಲ್ಲಿ ಹೆಸರು ಬದಲಿಸಿಕೊಂಡ ಬ್ರಿಟಿಷ್ ಇಂಟರ್‌ನ್ಯಾಷನಲ್ ಇನ್ವೆಸ್ಟ್‌ಮೆಂಟ್‌ನಂಥ ಅಭಿವೃದ್ಧಿ ಹಣಕಾಸು ಸಂಸ್ಥೆಗಳು ಮುಖ್ಯವಾಗಿ ಸಾಲ ಕೊಡುತ್ತವೆ, ಷೇರು ಕೊಳ್ಳುತ್ತವೆ, ಲಾಭವನ್ನೂ ನಿರೀಕ್ಷಿಸುತ್ತವೆ. ನನಗೆ ಹೆಚ್ಚು ಚಿಂತೆ ಅನುದಾನದ್ದೇ. ಖಾಸಗಿ ಕಂಪನಿ ಒಬ್ಬಂಟಿಯಾಗಿ ಹೊರಲಾಗದ ಅಪಾಯವನ್ನು ಸಾರ್ವಜನಿಕ ಹಣ ಹೊತ್ತರೆ ನನ್ನ ತಕರಾರಿಲ್ಲ. ತಿಕೋಟಾದ ರೈತರ ಪ್ರಶ್ನೆಯನ್ನು ಮೇಲೆ ಓದಿದ್ದೀರಿ. ಮೂರು ವರ್ಷ ಮುಗಿದು ಜರ್ಮನಿಯವರು ಹೋದ ಮೇಲೆ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಡ್ರೈಯರಿನ ಬ್ಲೋವರ್ ನಿಂತರೆ, ಅದನ್ನು ಬಿಚ್ಚಿ ಸರಿಮಾಡುವ ಹುಡುಗ ತಿಕೋಟಾದಲ್ಲೇ ಇದ್ದಾನೆಯೇ ಎಂದು ನೋಡಬೇಕು. ಇದ್ದರೆ ಆ ತೆರಿಗೆ ಹಣ ಸರಿಯಾದ ಕಡೆ ಹೋಗಿದೆ ಎಂದೇ ನಾನು ಹೇಳುತ್ತೇನೆ.